ಮೊಣಕೈ ಅಳತೆಯ ಅಡುಗೆ ಕಟ್ಟೆ

ಕಳೆದ ಭಾನುವಾರ ನಮ್ಮ ಅಡುಗೆಮನೆಯ ಅಳತೆ ತೆಗೆಯಲು ರಾಮನಗರದ ಅಂಗಡಿಯಿಂದ ಒಬ್ಬ ಬಂದಿದ್ದ. ಕರೆಸಿದವಳು ನನ್ನ ಮಗಳು ದಿವ್ಯ. ಅವಳಿಗೆ ಹೊಸ ಕಪಾಟು, ಹೊಸ ಟೈಲ್ಸು, ಹೊಸ ಕಟ್ಟೆ ಎಲ್ಲವೂ ಬೇಕು. ಬೇಡ ಎನ್ನಲು ನನಗೆ ಧೈರ್ಯವಿಲ್ಲ. ಆದ್ದರಿಂದ “ಮೊದಲು ಅಳತೆ ತೆಗೀಲಿ, ಆಮೇಲೆ ನೋಡೋಣ” ಎಂದಿದ್ದೆ. ನಮ್ಮ ಕಡೆ ಬೇಡ ಎನ್ನುವುದನ್ನು ಮರ್ಯಾದೆಯಾಗಿ ಹೇಳುವುದು ಹೀಗೆ.

ಬಂದವನ ಕೈಯಲ್ಲಿ ಟೇಪು ಇರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ ಇತ್ತು. ಗುಂಡಿ ಒತ್ತಿದರೆ ಎದುರು ಗೋಡೆಗೆ ಕೆಂಪು ಚುಕ್ಕೆ ಬೀಳುತ್ತಿತ್ತು, ಡಬ್ಬಿಯೇ ಅಳತೆ ತೋರಿಸುತ್ತಿತ್ತು. ನಮ್ಮ ಕಾಲದಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯಲು ಇನ್ನೊಬ್ಬ ಬೇಕಿತ್ತು. ಅಳತೆ ತಪ್ಪಿದರೆ ಬೈಯಲಿಕ್ಕೂ ಅವನೇ ಸಿಗುತ್ತಿದ್ದ. ಈಗಿನವರು ಯಾರನ್ನು ಬೈಯುತ್ತಾರೋ ಗೊತ್ತಿಲ್ಲ.

ಅವನು ಬೆರಳ ಗೆಣ್ಣಿನಿಂದ ಕಟ್ಟೆಯನ್ನು ಎರಡು ಸಲ ಕುಟ್ಟಿ, ಬಗ್ಗಿ, ಅಂಚನ್ನು ಸವರಿ ನೋಡಿದ. “ಇದು ಯಾವ ಕಲ್ಲು ಸಾರ್? ಕನಕಪುರದ ಕಡೇದೋ, ಮಾಗಡಿ ಕಡೇದೋ? ನಮ್ಮ ಅಂಗಡೀಲಿ ಇಂಥದ್ದು ಬಂದೇ ಇಲ್ಲ. ಅಂಚಲ್ಲಿ ಇದೊಂದ್ ಜಾಗ ಮಾತ್ರ ಯಾಕೆ ಇಷ್ಟು ಹೊಳೀತೈತೆ?” ಎಂದ. ನೀವು ಆಗ ನನ್ನ ಮುಖ ನೋಡಬೇಕಿತ್ತು. ಇದೇ ಮಾತಿಗೆ ವರ್ಷಗಟ್ಟಲೆ ಕಾದಿದ್ದವನು ನಾನು, ಮೀಸೆ ತೀಡಿಕೊಂಡೆ. ಅಷ್ಟರಲ್ಲಿ ಅವನು ಇನ್ನೊಂದು ಪ್ರಶ್ನೆ ಕೇಳಿ ಮೀಸೆ ಇಳಿಸಿಬಿಟ್ಟ.

“ಈ ಮನೇಲಿ ಅಡುಗೆ ಮಾಡೋರು ಯಾರು ಸಾರ್? ಒಸಿ ಕರೀರಿ. ಅವ್ರ ಮೊಣಕೈ ಎತ್ತರ ಬೇಕು. ಕಟ್ಟೆ ಅವ್ರ ಅಳತೆಗೆ ಇರಬೇಕಲ್ವಾ?”

ಎಷ್ಟು ಸುಲಭದ ಪ್ರಶ್ನೆ ನೋಡಿ. ಆ ಕಟ್ಟೆ ಯಾವ ಬೆಟ್ಟದ ಕಲ್ಲೂ ಅಲ್ಲ. ಸಿಮೆಂಟು, ಮರಳು, ಜಲ್ಲಿ ಕಲಸಿ ನಾನೇ ಕೈಯಾರೆ ಎರಕ ಹೊಯ್ದು ಕೂರಿಸಿದ ಕಾಂಕ್ರೀಟ್ ಹಲಗೆ. ಅದನ್ನು ಮಾಡುವಾಗ ನಾನು ಊರವರನ್ನೆಲ್ಲ ನೂರೆಂಟು ಪ್ರಶ್ನೆ ಕೇಳಿದ್ದೆ. ಇದೊಂದನ್ನು ಕೇಳಿರಲಿಲ್ಲ. ಅಳತೆಯವನಿಗೆ ಟೀ ಕೊಟ್ಟು ಕುರ್ಚಿ ತೋರಿಸಿದೆ. ನೀವೂ ಕೂತುಕೊಳ್ಳಿ, ಉತ್ತರ ಸ್ವಲ್ಪ ಉದ್ದವಿದೆ.

ಮೊದಲು ನಮ್ಮೂರಿನ ವಿಷಯ ಹೇಳುತ್ತೇನೆ. ಇಲ್ಲದಿದ್ದರೆ ನನ್ನ ದಡ್ಡತನ ಎಷ್ಟು ದೊಡ್ಡದೆಂದು ನಿಮಗೆ ಪೂರ್ತಿ ತಿಳಿಯುವುದಿಲ್ಲ. ಕೂಟಗಲ್ ಕಡೆಯ ನಮ್ಮೂರಿನಲ್ಲಿ ಎಲ್ಲಿ ಎಡವಿದರೂ ಬಂಡೆ. ಹಿತ್ತಲ ಬಾಗಿಲು ತೆಗೆದರೆ ಬಂಡೆ, ಉಳಲು ಹೋದರೆ ನೇಗಿಲಿಗೆ ಬಂಡೆ, ಬಟ್ಟೆ ಒಗೆಯುವುದು ಬಂಡೆಯ ಮೇಲೆ, ಹುರುಳಿ ಒಣಗಿಸುವುದು ಬಂಡೆಯ ಮೇಲೆ. ಸುತ್ತಲಿನ ಬೆಟ್ಟಗಳ ಕಲ್ಲು ಲಾರಿ ಹತ್ತಿ ಹೋಗಿ ಯಾರು ಯಾರದೋ ಮನೆಯ ಅಡುಗೆ ಕಟ್ಟೆಯಾಗುತ್ತಿದ್ದ ಕಾಲ ಅದು. ನನ್ನ ಜೊತೆ ಶಾಲೆಯಲ್ಲಿ ಓದಿದ ಸಿದ್ದರಾಜು ಕಲ್ಲು ಕ್ವಾರಿಯಲ್ಲೇ ಕೆಲಸಕ್ಕಿದ್ದ. ಅವನಿಗೊಂದು ಮಾತು ಹೇಳಿದ್ದರೆ ಸಂಜೆಯೊಳಗೆ ಮನೆ ಮುಂದೆ ಕಲ್ಲು ಬಂದು ಬೀಳುತ್ತಿತ್ತು. ಇಂಥ ಊರಿನಲ್ಲಿ ಕೂತು ಕಲ್ಲು ತಯಾರಿಸಲು ಹೊರಟವನು ನಾನು.

ಇದಕ್ಕೆಲ್ಲ ಕಾರಣ ಫ್ಯಾಕ್ಟರಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೈಸೂರು ರಸ್ತೆಯ ಎರಡೂ ಬದಿಯ ರಾಗಿ ಹೊಲಗಳಿಗೆ ಒಂದೊಂದಾಗಿ ಕಾಂಪೌಂಡು ಬಂದವು. ಐಟಿಐ ಮುಗಿಸಿದ್ದ ನಾನು ಅಂಥ ಒಂದು ಕಾಂಪೌಂಡಿನೊಳಗೆ ಫಿಟ್ಟರಾಗಿ ಸೇರಿಕೊಂಡೆ. ಹೊಸ ಶೆಡ್ಡಿಗೆ ನೆಲ ಹಾಕುವುದನ್ನು ನೋಡಿದ್ದು ಅಲ್ಲೇ. ಬೂದು ಬಣ್ಣದ ಗಂಜಿ ಸುರಿದು, ಸಮ ಮಾಡಿ, ಮೆಷಿನ್ನು ಬಿಟ್ಟು ಉಜ್ಜಿ ಉಜ್ಜಿ, ಕೊನೆಗೊಂದು ದಿನ ಆ ನೆಲದಲ್ಲಿ ನನ್ನ ಮುಖ ಕಂಡಿತು. ನೋಡಲೇಬೇಕಾದ ಮುಖವೇನಲ್ಲ, ಆದರೆ ನೆಲದಲ್ಲಿ ಕಂಡದ್ದು ಅದೇ ಮೊದಲು. ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ನಿಂತು ಕ್ರಾಪು ಬಾಚಿಕೊಳ್ಳುತ್ತಿದ್ದೆ. ಕಾಂಕ್ರೀಟಿನ ಹುಚ್ಚು ಹತ್ತಿದ್ದು ಆಗ. ಬೆಟ್ಟದಿಂದ ಕಲ್ಲು ಒಡೆದು ತರುವುದು ಹಳ್ಳಿಯವರ ಕೆಲಸ, ಬೇಕಾದ ಆಕಾರಕ್ಕೆ ಹೊಯ್ದುಕೊಳ್ಳುವುದು ತಿಳಿದವರ ಕೆಲಸ ಎಂದು ನಂಬಿಬಿಟ್ಟೆ.

ಹುಚ್ಚು ಅಲ್ಲಿಗೇ ನಿಲ್ಲುತ್ತಿತ್ತೇನೋ. ಅವ್ವನ ಮಂಡಿನೋವು ಅದಕ್ಕೊಂದು ನೆಪ ಒದಗಿಸಿತು.

ನಮ್ಮವ್ವ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಿಂದ ಈ ಮನೆಗೆ ಬಂದವಳು. ಎತ್ತರ ನಾಲ್ಕಡಿ ಹತ್ತಿಂಚು, ಬಾಯಿಯನ್ನೂ ಸೇರಿಸಿದರೆ ಆರಡಿ. ಅಪ್ಪ ತೀರಿಕೊಂಡ ಮೇಲೆ ರೇಷ್ಮೆ ಹುಳು, ಹಿಪ್ಪುನೇರಳೆ ತೋಟ, ಎರಡು ಹಸು ಮತ್ತು ನನ್ನನ್ನು ಸಾಕಿದವಳು ಅವಳೊಬ್ಬಳೇ. ಇವುಗಳಲ್ಲಿ ಹೆಚ್ಚು ಕಾಟ ಕೊಟ್ಟದ್ದು ಯಾವುದೆಂದು ಯಾರಾದರೂ ಕೇಳಿದರೆ ಯೋಚನೆಯನ್ನೇ ಮಾಡದೆ ನನ್ನ ಕಡೆ ಕೈ ತೋರಿಸುತ್ತಿದ್ದಳು.

ಅವ್ವ ಅಡುಗೆ ಮಾಡುತ್ತಿದ್ದದ್ದು ನೆಲದಲ್ಲಿ ಕೂತು. ಗ್ಯಾಸ್ ಬಂದ ಮೇಲೂ ಸ್ಟೌವನ್ನು ನೆಲದ ಮೇಲೇ ಇಟ್ಟುಕೊಂಡಿದ್ದಳು. ಮುದ್ದೆ ತಿರುವುವುದನ್ನು ನೀವು ನೋಡಿರುತ್ತೀರಿ. ಹಿಟ್ಟು ಬೆಂದ ಪಾತ್ರೆಯನ್ನು ಇಳಿಸಿ, ಅದು ಅಲುಗದಂತೆ ಕವಲುಕೋಲು ಸಿಕ್ಕಿಸಿ ಕಾಲಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು, ಮೇಲಿನಿಂದ ಮೈಭಾರ ಬಿಟ್ಟು ತಿರುವಬೇಕು. ಕೈ ಸೋತಿತೆಂದು ನಡುವೆ ಬಿಟ್ಟರೆ ಗಂಟು. ಅವ್ವನ ಮುದ್ದೆಯಲ್ಲಿ ಗಂಟು ಸಿಕ್ಕಿದ ನೆನಪು ನನಗಿಲ್ಲ. ಬೇರೆಯವರ ಮನೆಯ ಊಟದಲ್ಲಿ ಸಿಕ್ಕಿದರೆ ಅವಳು ಏನೂ ಹೇಳುತ್ತಿರಲಿಲ್ಲ. ಗಂಟನ್ನು ತೆಗೆದು ತಟ್ಟೆಯ ಅಂಚಿನಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದಳು. ಆಮೇಲೆ ಆ ಮನೆಯ ಹೆಂಗಸರು ಒಂದು ವಾರ ಅವ್ವನ ಎದುರಿಗೆ ಬರುತ್ತಿರಲಿಲ್ಲ.

ಎದ್ದೇಳುವಾಗ ಗೋಡೆ ಹಿಡಿಯುವಷ್ಟು ಮಂಡಿ ಊದಿದಾಗ ಡಾಕ್ಟರು, ಇನ್ನು ನೆಲದ ಮೇಲೆ ಕೂತು ಅಡುಗೆ ಮಾಡಕೂಡದು ಎಂದರು. ನನ್ನ ಹೆಂಡತಿ ಸವಿತಾ ಆಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ವಾಪಸ್ಸು ಬರುವುದು ಸಂಜೆಗೆ. “ನಾನು ಬಂದ್ಮೇಲೆ ಮುದ್ದೆ ಮಾಡ್ತೀನಿ ಅತ್ತೆ, ನೀವು ಕೂತ್ಕೊಳಿ” ಎಂದು ಅವಳು ಮನಸಾರೆ ಹೇಳಿದಳು. ಅವ್ವ ಮುದ್ದೆಕೋಲನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕೈ ಬಿದ್ದೋದ್ ದಿನ ಕೊಡ್ತೀನಿ ಕಣಮ್ಮಿ. ಕೋಲು ಬುಟ್ಟ್ಮೇಲೆ ಈ ಮನೇಲಿ ನಾನೇನು, ನೆಂಟ್ರಾ?”

ವಿಷಯ ಇದ್ದದ್ದು ಅಷ್ಟೇ. ಕೋಲು ಕೈಯಲ್ಲಿರುವವರೆಗೆ ಮನೆ ಅವಳದು. ನೆಲದಲ್ಲಿ ಕೂರುವಂತಿಲ್ಲ, ಕೋಲು ಬಿಡುವಂತಿಲ್ಲ. ಹಾಗಾದರೆ ನಿಂತೇ ತಿರುವಲಿ, ಅದಕ್ಕೊಂದು ಕಟ್ಟೆ ಕಟ್ಟಿಕೊಡುತ್ತೇನೆ ಎಂದು ನಾನು ಎದೆ ತಟ್ಟಿಕೊಂಡೆ.

ಸುದ್ದಿ ಕೇಳಿ ಸಿದ್ದರಾಜು ಬಂದ. “ಲೇ ಲಿಂಗ, ಕ್ವಾರೀಲಿ ಅಂಚು ಮುರ್ದಿರೋ ಕಲ್ಲು ಬೇಕಾದಷ್ಟು ಬಿದ್ದವೆ ಕಣ್ಲಾ. ನಾಳೆ ಟ್ರ್ಯಾಕ್ಟ್ರಿಗೆ ಹಾಕಿ ಕಳಿಸ್ತೀನಿ.”

“ಬೇಡ ಕಣ್ಲಾ. ನಾನೇ ಎರಕ ಹೊಯ್ತೀನಿ, ಕಾಂಕ್ರೀಟಿಂದು.”

ಸಿದ್ದರಾಜು ಬಾಯಿಂದ ಬೀಡಿ ತೆಗೆದು ಬೆಟ್ಟದ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. “ಯಾಕ್ಲಾ, ಬೆಟ್ಟ ಖಾಲಿ ಆಗೋಯ್ತಾ?” ಎಂದು ಕೇಳಿದ.

ಕೆಲಸ ಶುರುವಾದದ್ದು ರೇಷ್ಮೆ ಸಾಕುವ ಹುಳುಮನೆಯಲ್ಲಿ. ಒಂದು ಬೆಳೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಮುಂದಿನ ಮರಿಹುಳು ಬರುವವರೆಗೆ ಆ ಕೋಣೆಯನ್ನು ತೊಳೆದು ಖಾಲಿ ಬಿಟ್ಟಿರುತ್ತೇವೆ. ನೆಲ ಸಮ, ಬಿಸಿಲಿಲ್ಲ, ಬಿರುಗಾಳಿಯಿಲ್ಲ. ಫ್ಯಾಕ್ಟರಿಗೆ ಮೆಷಿನ್ನು ಬಂದಿದ್ದ ಪೆಟ್ಟಿಗೆಯ ಹಲಗೆ ಕೇಳಿ ತಂದು ಆರಡಿ ಉದ್ದ, ಎರಡಡಿ ಅಗಲದ ಅಚ್ಚು ಮಾಡಿದೆ. ತಳಕ್ಕೆ ನುಣುಪಾದ ಮೈಕಾ ಹಾಳೆ ಹಾಸಿದೆ. ಗುಟ್ಟು ಇರುವುದೇ ಅಲ್ಲಿ. ಕಟ್ಟೆಯನ್ನು ತಲೆಕೆಳಗಾಗಿ ಹೊಯ್ಯಬೇಕು. ಹಾಳೆಗೆ ತಾಗಿದ ಮುಖ ನುಣುಪಾಗಿ ಬರುತ್ತದೆ, ಗಟ್ಟಿಯಾದ ಮೇಲೆ ಮಗುಚಿಹಾಕಿದರೆ ಅದೇ ಮೇಲ್ಮುಖ. ಇದನ್ನೆಲ್ಲ ಅವ್ವನಿಗೆ ಕೈ ತಿರುಗಿಸಿ ತಿರುಗಿಸಿ ವಿವರಿಸಿದೆ.

“ದೋಸೆ ಅನ್ನು” ಎಂದಳು ಅವ್ವ. ತಿಂಗಳುಗಟ್ಟಲೆ ನೋಡಿ ಕಲಿತ ವಿದ್ಯೆ ಅಷ್ಟಕ್ಕೇ ಮುಗಿದುಹೋಯಿತು.

ಅಚ್ಚಿಗೆ ಕಾಂಕ್ರೀಟು ಅಂಟದಂತೆ ಎಣ್ಣೆ ಸವರಬೇಕು. ಅವ್ವ ತಲೆಗೆಂದು ಇಟ್ಟುಕೊಂಡಿದ್ದ ಹರಳೆಣ್ಣೆ ಕೈಗೆ ಸಿಕ್ಕಿತು, ಪೂರ್ತಿ ಬಳಿದೆ. ಕಬ್ಬಿಣದ ಸರಳು ಕಟ್ಟಿ, ಸಿಮೆಂಟು ಮರಳು ಸಣ್ಣ ಜಲ್ಲಿ ಕಲಸಿ ಸುರಿದೆ. ಇನ್ನು ಒಳಗೆ ಗಾಳಿ ಉಳಿಯದಂತೆ ಚುಚ್ಚಿ ಅಲುಗಿಸಬೇಕು. ಫ್ಯಾಕ್ಟರಿಯಲ್ಲಿ ಅದಕ್ಕೊಂದು ಗಡಗಡ ನಡುಗುವ ಕೊಳವೆ ಇತ್ತು. ನಮ್ಮ ಮನೆಯಲ್ಲಿ ಆ ಆಕಾರದ ವಸ್ತು ಇದ್ದದ್ದು ಒಂದೇ. ನೀವು ಊಹಿಸಿದಿರಿ. ಅವ್ವ ತೋಟಕ್ಕೆ ಹೋಗಿದ್ದಳು. ಮುದ್ದೆಕೋಲು ತಂದು ಕಾಂಕ್ರೀಟನ್ನು ಚೆನ್ನಾಗಿ ತಿರುವಿದೆ. ತೊಳೆದಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ತೊಳೆಯುವುದನ್ನು ಮರೆತೆ.

ಸಂಜೆ ಅವ್ವ ಕೋಲು ಎತ್ತಿಕೊಂಡಾಗ ಅದರ ತುದಿಗೆ ಬೂದು ಬಣ್ಣದ ಗಟ್ಟಿ ಟೋಪಿ ಕೂತಿತ್ತು. ಅದರಲ್ಲೇ ನನ್ನ ಬೆನ್ನಿಗೊಂದು ಕೊಟ್ಟಿದ್ದರೆ ಚೆನ್ನಾಗಿತ್ತು. ಕೊಡಲಿಲ್ಲ. ಹುಣಸೆಹಣ್ಣು ನೆನೆಸಿ, ಮೆಟ್ಟಿಲ ಮೇಲೆ ಕೂತು, ಉಜ್ಜಿ ಉಜ್ಜಿ ಒಂದೊಂದೇ ಚೂರು ಬಿಡಿಸಿದಳು.

“ನಮ್ಮವ್ವ ಹೊಂಗನೂರಿಂದ ಕೊಟ್ಟು ಕಳ್ಸಿದ್ ಕೋಲು ಕಣ್ಲಾ ಇದು. ಇದ್ರಲ್ಲಿ ಸಿಮೆಂಟ್ ತಿರುವ್ದೋನು ನೀನೊಬ್ನೇ” ಎಂದಳು.

ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಬುದ್ಧಿಯೂ ಬರಬೇಕಿತ್ತು. ಹುಣಸೆಹುಳಿ ಸಿಮೆಂಟನ್ನು ತಿನ್ನುತ್ತದೆ ಎಂಬುದು ಕಣ್ಣೆದುರೇ ಇತ್ತು. ದಿನವೂ ಹುಳಿ ಕಿವುಚುವ ಮನೆಯಲ್ಲಿ ಹುಳಿಗೆ ಹೆದರುವ ಕಟ್ಟೆ ಕಟ್ಟುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಈಗ ಆ ಕಟ್ಟೆಯ ಮೇಲೆ ಎಷ್ಟು ಬಿಳಿ ಕಲೆಗಳಿವೆಯೆಂದರೆ ಅಳತೆಯವನು ಅದನ್ನು ಕಲ್ಲಿನ ಡಿಸೈನು ಎಂದುಕೊಂಡ.

ಕಾಂಕ್ರೀಟು ಬೇಗ ಒಣಗಬಾರದು. ಒದ್ದೆ ಗೋಣಿತಾಟು ಹೊದಿಸಿ ಹತ್ತು ದಿನವಾದರೂ ನೀರು ಚಿಮುಕಿಸುತ್ತಿರಬೇಕು. ನಾನು ಶಿಫ್ಟಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಕಲ್ಲಿಗೆ ನೀರು ಹಾಕುವುದನ್ನು ತೋರಿಸಲು ಸಿದ್ದರಾಜು ಜನ ಕರೆದುಕೊಂಡು ಬರುತ್ತಿದ್ದ. “ಎಷ್ಟುದ್ದ ಬೆಳೀತ್ಲಾ?” ಎಂದು ವಿಚಾರಿಸುತ್ತಿದ್ದ. ನನ್ನ ಲೆಕ್ಕ ಹತ್ತು ದಿನದ್ದು, ಮರಿಹುಳು ಬಂದದ್ದು ನಾಲ್ಕನೇ ದಿನಕ್ಕೆ. ಹುಳುವಿಗೆ ಕಾಯಲು ಹೇಳುವಂತಿಲ್ಲ. ಅದು ಸೊಪ್ಪು ಕೇಳುತ್ತದೆ, ಅವ್ವ ಕೋಣೆ ಕೇಳುತ್ತಾಳೆ. ಆರು ಜನ ಸೇರಿ ಆತುರಾತುರವಾಗಿ ಮಗುಚಲು ಹೋದೆವು. ಹಲಗೆ ಟಕ್ಕೆಂದು ಎರಡು ತುಂಡಾಯಿತು. ಯಾರೂ ನಗಲಿಲ್ಲ. ಸಿದ್ದರಾಜು ಮಾತ್ರ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಮುಗಿದು ನಿಂತ. ಒಳಗಿನ ಸರಳು ಕೊಯ್ದು ಬಿಡಿಸಿದ ಮೇಲೆ ದೊಡ್ಡ ತುಂಡು ಹಸುವಿನ ಕಲಗಚ್ಚಿನ ಬಾನಿಯ ಕೆಳಗೆ ಹೋಯಿತು, ಚಿಕ್ಕದು ಬಚ್ಚಲ ಮುಂದೆ ಬಿತ್ತು.

ಆ ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮಾರನೆಯ ದಿನವೇ ಎರಡನೇ ಸಲ ಹೊಯ್ದೆ. ಈ ಸಲ ಮುದ್ದೆಕೋಲಿನ ಹತ್ತಿರ ಸುಳಿಯಲಿಲ್ಲ, ಅಚ್ಚಿನ ಪಕ್ಕಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಮುಂದಿನ ಮರಿಹುಳು ಹದಿನೈದು ದಿನ ಬಿಟ್ಟು ಬರಲೆಂದು ಅವ್ವನನ್ನು ಒಪ್ಪಿಸಿದ್ದೆ. ಹುಳುವಿಲ್ಲದಾಗ ಆ ಕೋಣೆಯ ಬಾಗಿಲು ಹಾಕುವ ಅಭ್ಯಾಸ ನಮ್ಮಲ್ಲಿ ಇಲ್ಲ, ಒಂದು ಕೋಳಿ ಹಸಿ ಕಾಂಕ್ರೀಟಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದುಹೋಯಿತು. ಅದರ ಹೆಜ್ಜೆಗಳು ಇಂದಿಗೂ ಕಟ್ಟೆಯ ತಳದಲ್ಲಿವೆ. ಕೋಳಿ ಆ ಭಾನುವಾರವೇ ಸಾರಾಯಿತು.

ಎರಡನೇ ಹಲಗೆ ಇಡಿಯಾಗಿ ಬಂತು. ಉಜ್ಜುಗಲ್ಲು ಹಿಡಿದು ನೀರು ಹಾಕಿಕೊಂಡು ವಾರಗಟ್ಟಲೆ ಉಜ್ಜಿದೆ, ಮೇಣದಬತ್ತಿ ಕರಗಿಸಿ ಬಳಿದೆ. ಮುಖ ಕಾಣಲಿಲ್ಲ, ಮೀಸೆಯ ಜಾಗದಲ್ಲಿ ಏನೋ ಕಪ್ಪಗೆ ಕಂಡಿತು. ಅಷ್ಟಕ್ಕೇ ತೃಪ್ತಿಪಟ್ಟುಕೊಂಡೆ.

ಇನ್ನು ಹಲಗೆಯನ್ನು ಹೊರಲು ಎರಡು ಇಟ್ಟಿಗೆ ಗೋಡೆ ಬೇಕು. ಎಷ್ಟು ಎತ್ತರ? ಫ್ಯಾಕ್ಟರಿಯ ಕೆಲಸದ ಮೇಜಿಗೆ ಒಂದು ನಿಯಮವಿತ್ತು: ಕೆಲಸ ಮಾಡುವವನ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ. ನಾನು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತೆ. ಸಿದ್ದರಾಜು ನನ್ನ ಮೊಣಕೈ ಕೆಳಗೆ ನಾಲ್ಕು ಬೆರಳಿಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದ. ನಾನು ಐದಡಿ ಹತ್ತಿಂಚು. ಅಡುಗೆಮನೆಯೊಳಗೆ ಹೋಗುತ್ತಿದ್ದದ್ದು ಊಟಕ್ಕೆ, ಇಲ್ಲವೇ ಬೆಂಕಿಪೊಟ್ಟಣಕ್ಕೆ. ಅವ್ವ ತೋಟದಲ್ಲಿದ್ದಳು, ಸವಿತಾ ಗಾರ್ಮೆಂಟ್ಸಿನಲ್ಲಿದ್ದಳು. ಕೆಲಸ ಮಾಡುವವನು ಎಂದರೆ ನಾನೇ ಎಂದು ನಾನು ತಿಳಿದೆ, ಸಿದ್ದರಾಜುವೂ ಹಾಗೇ ತಿಳಿದ. ಗಂಡಸರಿಬ್ಬರಲ್ಲಿ ಒಬ್ಬನಿಗೂ ಅನುಮಾನ ಬರಲಿಲ್ಲ.

ಒಂದು ಶುಕ್ರವಾರ ಕಟ್ಟೆಗೆ ಅರಿಸಿನ ಕುಂಕುಮ ಇಟ್ಟು ಹಾಲು ಉಕ್ಕಿಸಿದೆವು. ಹಾಲು ಉಕ್ಕುವುದನ್ನು ಎಲ್ಲರೂ ನೋಡಿದರು, ಅವ್ವನೊಬ್ಬಳಿಗೆ ಕಾಣಲಿಲ್ಲ. ಪಾತ್ರೆಯ ಕಂಠ ಅವಳ ಮೂಗಿನ ಮಟ್ಟಕ್ಕಿತ್ತು.

“ಒಸಿ ಎತ್ರ ಆಯ್ತೇನಪ್ಪ?” ಎಂದು ಮೆತ್ತಗೆ ಕೇಳಿದಳು. ಅವ್ವ ಮೆತ್ತಗೆ ಮಾತಾಡಿದಳೆಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಮುದ್ದೆಯ ಸರದಿ ಬಂತು. ಸ್ಟೌವಿನಿಂದ ಇಳಿಸಿಟ್ಟರೂ ಪಾತ್ರೆ ಅವಳ ಹೆಗಲೆತ್ತರ. ಮೇಲಿನಿಂದ ಮೈಭಾರ ಬಿಟ್ಟು ಮಾಡುವ ಕೆಲಸವನ್ನು ಕೈ ಮೇಲೆತ್ತಿಕೊಂಡು ಮಾಡಬೇಕಾಯಿತು. ಕವಲುಕೋಲು ಸಿಕ್ಕಿಸಿದಳು, ಅದನ್ನು ಮೆಟ್ಟಿ ಹಿಡಿಯಬೇಕಾದ ಕಾಲು ನೆಲದ ಮೇಲಿತ್ತು. ಕೋಲಿನ ಜೊತೆ ಪಾತ್ರೆಯೂ ತಿರುಗತೊಡಗಿತು.

“ಪಾತ್ರೆ ಸುತ್ತಾಕಂಡ್ ಬತ್ತೈತೆ, ಹಿಟ್ಟು ಹಂಗೇ ಕೂತೈತೆ” ಎಂದಳು.

“ಗೋಡೆ ಇಳಿಸಿಬಿಡಿ ರೀ” ಎಂದಳು ಸವಿತಾ. ಹಲಗೆಯನ್ನು ಸಿಮೆಂಟಿನಲ್ಲಿ ಕೂರಿಸಿಯಾಗಿತ್ತು, ಎತ್ತಿದರೆ ಒಡೆಯುತ್ತದೆ. ಅದೂ ಅಲ್ಲದೆ ಹೊರಗೆ ಜಗುಲಿಯ ಮೇಲೆ ಸಿದ್ದರಾಜು ಕೂತಿದ್ದ. ಇಳಿಸಲು ನನಗೆ ಮನಸ್ಸಾಗಲಿಲ್ಲ. ಬಚ್ಚಲ ಮುಂದೆ ಬಿದ್ದಿದ್ದ ಮೊದಲ ಹಲಗೆಯ ಚಿಕ್ಕ ತುಂಡನ್ನು ಇಟ್ಟಿಗೆಗಳ ಮೇಲಿಟ್ಟು ಅವ್ವನಿಗೆ ಮಣೆ ಮಾಡಿಕೊಟ್ಟೆ. ಅವಳು ಅದರ ಮೇಲೆ ಹತ್ತಿ ನಿಂತಳು, ಸವಿತಾ ಬಟ್ಟೆ ಹಿಡಿದು ಪಾತ್ರೆ ಅದುಮಿಕೊಂಡಳು. ಶನಿವಾರ, ಭಾನುವಾರ ಹೀಗೇ ನಡೆಯಿತು.

ಸೋಮವಾರ ನನಗೆ ವಾರದ ರಜೆ. ಸವಿತಾ ಕೆಲಸಕ್ಕೆ ಹೋಗಿದ್ದಳು. ಅವ್ವ ಮಧ್ಯಾಹ್ನ ಒಬ್ಬಳೇ ತಿರುವಲು ಹೋದಳು, ನನ್ನನ್ನು ಕರೆಯಲಿಲ್ಲ. ಪಾತ್ರೆ ಜಾರಿತು. ಬಿಸಿ ಹಿಟ್ಟು ಮೈಮೇಲೆ ಬರುತ್ತದೆಂದು ಅವಳು ಹಿಂದಕ್ಕೆ ಕಾಲಿಟ್ಟಳು, ಹಿಂದೆ ಮಣೆ ಇರಲಿಲ್ಲ. ಸದ್ದು ಕೇಳಿ ನಾನು ಓಡಿ ಬಂದಾಗ ಪಾತ್ರೆ ಒಂದು ಕಡೆ, ಅವ್ವ ಒಂದು ಕಡೆ ಬಿದ್ದಿದ್ದರು. ದೇವರು ದೊಡ್ಡವನು, ಮುಂಗೈ ಮೇಲೆ ಎರಡು ಬೊಬ್ಬೆ ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅವಳು ನನ್ನನ್ನು ಬೈಯಲಿಲ್ಲ. ಅಪ್ಪ ಹೋದ ದಿನ ಅವ್ವ ಅತ್ತದ್ದನ್ನು ನೋಡಿದ್ದೆ, ಹೆದರಿದ್ದನ್ನು ಎಂದೂ ನೋಡಿರಲಿಲ್ಲ. ಅವತ್ತು ನೋಡಿದೆ. ಎಬ್ಬಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ ಮೇಲೆ ಕೈಯಲ್ಲಿದ್ದ ಕೋಲನ್ನು ಕಟ್ಟೆಯ ಮೇಲಿಟ್ಟುಬಿಟ್ಟಳು.

ಸಂಜೆ ಸವಿತಾ ಅನ್ನ ಮಾಡಿದಳು. ಹಬ್ಬವಿಲ್ಲ, ನೆಂಟರಿಲ್ಲ, ಆದರೂ ಮುದ್ದೆಯಿಲ್ಲದ ಬರೀ ಅನ್ನ. ಅವ್ವ ಎರಡು ತುತ್ತು ತಿಂದು ಕೈ ತೊಳೆದಳು. ಯಾವ ಮನೆಯನ್ನು ಅವಳ ಕೈಯಲ್ಲೇ ಉಳಿಸಲು ಕಟ್ಟೆ ಕಟ್ಟಿದೆನೋ ಆ ಮನೆಯನ್ನು ನಾನೇ ಅವಳಿಂದ ಕಿತ್ತುಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೆಳಿಗ್ಗೆ ಎದ್ದವನೇ ಹೋಗಿ ಸಿದ್ದರಾಜುವಿನ ಕ್ವಾರಿ ಸುತ್ತಿಗೆ ತಂದೆ.

ಸುತ್ತಿಗೆ ಎತ್ತಿದಾಗ ಅವ್ವ ಕುರ್ಚಿಯಲ್ಲೇ ಇದ್ದಳು. “ನಿಲ್ಸು. ಯಾರ್ ಮೊಣಕೈಗ್ ಹಿಡ್ದಿದ್ದೆ ಅಳತೆಯ?” ಎಂದು ಕೇಳಿದಳು.

“ನಂದೇ ಕಣವ್ವ.”

“ಬಾ ಇಲ್ಲಿ. ಕಟ್ಟೆ ಪಕ್ಕ ನಿಂತ್ಕೊ.”

ಸುತ್ತಿಗೆ ಕೆಳಗಿಟ್ಟು ನಿಂತೆ. ಅವ್ವ ಕಟ್ಟೆಯ ಅಂಚು ಹಿಡಿದು ಎದ್ದಳು. ನನ್ನ ಮೊಣಕೈ ಕೆಳಗೆ ನಾಲ್ಕು ಬೆರಳಿಟ್ಟಳು. ಕಿರುಬೆರಳು ಕಟ್ಟೆಗೆ ಸರಿಯಾಗಿ ತಾಗಿತು. ಅವಳು ಒಂದು ಗಳಿಗೆ ಆ ಬೆರಳುಗಳನ್ನೇ ನೋಡಿದಳು.

“ಅಳತೆ ಸರ್ಯಾಗೇ ಐತೆ. ತಪ್ಪಿರೋದು ಕಟ್ಟೆ ಅಲ್ಲ ಕಣ್ಲಾ, ಆಳು. ಹೋಗು, ಕೈ ತೊಳ್ಕಂಡ್ ಬಂದು ಎಸರಿಡು.”

ನಾನು ಮುದ್ದೆ ತಿರುವಲು ಕಲಿತದ್ದು ಹೀಗೆ. ಮೊದಲು ಕಾಲಿನ ಕೆಲಸಕ್ಕೊಂದು ಉಪಾಯ ಮಾಡಿದೆ. ಪಾತ್ರೆಯ ಕಂಠ ಹಿಡಿಯುವಂತೆ ಎರಡು ಕಬ್ಬಿಣದ ಕೊಕ್ಕೆ ಮಾಡಿ ಕಟ್ಟೆಗೆ ಬೋಲ್ಟು ಹಾಕಿದೆ. ಈ ಇಡೀ ಯೋಜನೆಯಲ್ಲಿ ಫಿಟ್ಟರಿಗೆ ತಕ್ಕ ಕೆಲಸ ಅದೊಂದೇ. ಉಳಿದದ್ದು ಅವ್ವನ ಬಾಯಿ, ನನ್ನ ಕೈ. ನಾನು ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಅವಳು ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದಳು. “ಮೈ ಬುಡು, ಮೈ ಬುಡು. ತೋಳಲ್ಲಿ ತಿರುವಿದ್ರೆ ಅದು ಪಾಯಸ.” ಮೊದಲ ದಿನದ ಮುದ್ದೆ ತಟ್ಟೆಗೆ ಬಿದ್ದಾಗ ಮುರಿದು ನೋಡಿ, “ಇದ್ಕೂ ಜಲ್ಲಿ ಹಾಕ್ಬುಟ್ಟಾ?” ಎಂದು ಕೇಳಿದಳು. ಆಮೇಲೆ ಗಂಟುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಒಂಬತ್ತು ಇದ್ದವು.

ಕೋಲನ್ನು ಮಾತ್ರ ಅವಳು ನನಗೆ ಕೊಟ್ಟುಬಿಡಲಿಲ್ಲ. ತಿರುವುವಾಗ ಕೈಗೆ ಕೊಡುತ್ತಿದ್ದಳು, ಮುಗಿದ ಮೇಲೆ ವಾಪಸ್ಸು ಇಸಿದುಕೊಂಡು, ತಾನೇ ತೊಳೆದು, ತನ್ನ ಕುರ್ಚಿಯ ಪಕ್ಕ ಒರಗಿಸಿಕೊಳ್ಳುತ್ತಿದ್ದಳು. ಮನೆ ಯಾರದೆಂಬ ವಿಷಯದಲ್ಲಿ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಊರಿಗೆ ಸುದ್ದಿ ಹಬ್ಬಿಸುವ ಜವಾಬ್ದಾರಿಯನ್ನು ಸಿದ್ದರಾಜು ವಹಿಸಿಕೊಂಡ. ಟೀ ಅಂಗಡಿಯ ಮುಂದೆ ನಾನು ಹಾದುಹೋದರೆ ನಾಲ್ಕಾರು ಜನ ಎರಡೂ ಕೈ ಜೋಡಿಸಿ ಗಾಳಿಯಲ್ಲಿ ಮುದ್ದೆ ತಿರುವುತ್ತಿದ್ದರು. ಕೆಲವು ತಿಂಗಳು ನಡೆಯಿತು. ಒಂದು ದಿನ ಸಿದ್ದರಾಜುವಿನ ಹೆಂಡತಿಯೇ ನಮ್ಮ ಮನೆಗೆ ಬಂದು ಕಟ್ಟೆಯನ್ನು ಹಿಂದೆ ಮುಂದೆ ನೋಡಿ, “ಅಣ್ಣ, ನಮ್ಗೂ ಒಂದು ಹೊಯ್ದುಕೊಡಿ. ನಮ್ಮೋರ ಮೊಣಕೈ ಅಳತೆಗೇ ಇರ್ಲಿ” ಎಂದಳು. ಅವತ್ತಿನಿಂದ ಸಿದ್ದರಾಜು ಕಾಂಕ್ರೀಟಿನ ಮಾತೆತ್ತಲಿಲ್ಲ. ಮರುವಾರವೇ ಅವರ ಮನೆ ಮುಂದೆ ಟ್ರ್ಯಾಕ್ಟರಿನಲ್ಲಿ ಕಲ್ಲು ಬಂದು ಇಳಿಯಿತು, ಹೆಂಡತಿಯ ಅಳತೆಗೆ ತಗ್ಗಿನ ಕಟ್ಟೆಯೇ ಆಯಿತು.

ಅವ್ವನ ತಟ್ಟೆಯ ಅಂಚಿನ ಸಾಲು ನಿಧಾನಕ್ಕೆ ಚಿಕ್ಕದಾಯಿತು. ಒಂಬತ್ತು ಆರಾಗಿ, ಆರು ಮೂರಾಗಿ, ಬಹಳ ದಿನ ಎರಡರಲ್ಲಿ ನಿಂತಿತ್ತು. ಅವಳು ಏನೂ ಹೇಳುತ್ತಿರಲಿಲ್ಲ, ನಾನೂ ನೋಡದವನಂತೆ ನೋಡುತ್ತಿದ್ದೆ. ಫ್ಯಾಕ್ಟರಿಯಲ್ಲಿ ಮೇಲಿನ ಸಾಹೇಬರು ಬಂದು ನನ್ನ ಕೆಲಸ ಪರೀಕ್ಷೆ ಮಾಡಿದಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿಲ್ಲ. ಒಂದು ದಿನ ಅವ್ವ ಮುದ್ದೆ ಮುರಿದಳು, ತಿಂದಳು, ಕೊನೆಯ ತುತ್ತನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಹುಡುಕಿದಳು. ತಟ್ಟೆಯ ಅಂಚು ಖಾಲಿ ಇತ್ತು. ಕಟ್ಟೆಯ ಅಂಚನ್ನು ಹಿಡಿದು ಮೆಲ್ಲಗೆ ಎದ್ದು ನಿಂತಳು.

“ಒಸಿ ಗಟ್ಟಿ ಆಯ್ತು” ಎಂದು ಕೈ ತೊಳೆಯಲು ಹೋದಳು.

ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಯಾರಿಂದಲೂ ಸಿಕ್ಕಿಲ್ಲ.

ಅವ್ವ ಹೋಗಿ ಆರು ವರ್ಷವಾಯಿತು. ಕಟ್ಟೆಯ ಎಡ ತುದಿಯಲ್ಲಿ, ಅವಳ ಕುರ್ಚಿ ಇದ್ದ ಕಡೆ, ಅಂಗೈಯಗಲ ಜಾಗವೊಂದಿದೆ. ಎದ್ದೇಳುವಾಗ ಅವಳು ಹಿಡಿಯುತ್ತಿದ್ದದ್ದು ಅಲ್ಲೇ. ವಾರಗಟ್ಟಲೆ ಉಜ್ಜಿದರೂ ನನಗೆ ಬರಿಸಲಾಗದ ಹೊಳಪು ಅಲ್ಲಿ ಬಂದಿದೆ. ಅಳತೆಯವನು ಕೇಳಿದ್ದು ಅದೇ ಜಾಗದ ಬಗ್ಗೆ.

ಇಷ್ಟನ್ನೆಲ್ಲ ಅವನಿಗೆ ಹೇಳಲಿಲ್ಲ, ನಿಮಗೆ ಹೇಳಿದೆ. ಅವನ ಟೀ ಮುಗಿದಿತ್ತು. ಸವಿತಾ ಒಳಗಿನಿಂದ ಬಂದು, “ಅಡುಗೆಯೋರು ಇವ್ರೇ ಕಣಪ್ಪ. ಇವ್ರದ್ದೇ ಮೊಣಕೈ ಹಿಡ್ಕೊ” ಎಂದಳು. ದಿವ್ಯ ನಕ್ಕಳು. ನಾನು ಹೋಗಿ ಕಟ್ಟೆಯ ಪಕ್ಕ ನೆಟ್ಟಗೆ ನಿಂತೆ. ಅವನು ಡಬ್ಬಿ ಒತ್ತಿದ, ಕೆಂಪು ಚುಕ್ಕೆ ನನ್ನ ಮೊಣಕೈ ಮೇಲೆ ಬಿತ್ತು, ಆಮೇಲೆ ಕಟ್ಟೆಯ ಮೇಲೆ ಬಿತ್ತು. ಎರಡು ಸಲ ಅಳೆದು ನೋಡಿದ.

“ಕರೆಕ್ಟಾಗೈತಲ್ಲ ಸಾರ್. ಯಾರು ಅಳತೆ ಹಿಡಿದಿದ್ದು?”

“ನಮ್ಮವ್ವ” ಎಂದೆ.

ಕಪಾಟು ಬರಲಿ, ಟೈಲ್ಸು ಬರಲಿ, ಕಟ್ಟೆ ಮಾತ್ರ ಇರಲಿ ಎಂದು ದಿವ್ಯ ತಾನಾಗಿಯೇ ಹೇಳಿದಳು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಂದವನನ್ನು ಹಾಗೇ ಕಳಿಸುವುದು ಹೇಗೆ? ಎಸರಿಟ್ಟು, ಮೈಭಾರ ಬಿಟ್ಟು ತಿರುವಿ, ಅವನಿಗೂ ಒಂದು ಮುದ್ದೆ ಹಾಕಿದೆ. ಅವನು ತಲೆ ಬಗ್ಗಿಸಿಕೊಂಡು ತಿನ್ನುತ್ತಿದ್ದ. ನಡುವೆ ಒಂದು ಸಲ ಕೈ ನಿಂತಿತು. ಏನನ್ನೋ ಬೆರಳಲ್ಲಿ ತೆಗೆದು, ನಾನು ನೋಡುತ್ತಿಲ್ಲವೆಂದುಕೊಂಡು, ಸದ್ದಿಲ್ಲದೆ ತಟ್ಟೆಯ ಅಂಚಿಗಿಟ್ಟ. ಬಹಳ ದಿನಗಳ ಮೇಲೆ ಅವ್ವ ನನ್ನ ಎದುರಿಗೆ ಊಟಕ್ಕೆ ಕೂತಂತಾಯಿತು.